ತತ್ತಿಯ ಸಿಪ್ಪೆಯಲ್ಲಿ ಗಂಜಿ

ಮಕ್ಕಳಿಗೆಂದು ನಾನು ಬರೆದ ಕತೆಗಳಲ್ಲಿ ಕುರುಗೋಡಿನ ಗುಡ್ಡ ಒಳಗೆ ಟೊಳ್ಳು. ಅದರೊಳಗೆ ಮೊಣಕಾಲೆತ್ತರದ ಮಂದಿ ವಾಸವಾಗಿದ್ದಾರೆ. ಅವರಲ್ಲಿ ದೀಪಗಳಿವೆ, ಪಿಟೀಲಿದೆ, ಯಾವಾಗ ನೋಡಿದರೂ ಒಂದೇ ಕಾಲಿನ ಜೋಡು ಹೊಲಿಯುತ್ತ ಕೂತ ಮುದುಕನಿದ್ದಾನೆ. ಹೊರಗಿನವರ ಕೂಸುಗಳ ಮೇಲಂತೂ ಅವರಿಗೆ ವಿಪರೀತ ಆಸೆ. ಒಬ್ಬ ನಿವೃತ್ತ ಮೇಷ್ಟ್ರು ಈ ಪುಸ್ತಕ ಓದಿ ನನಗೆ ಎರಡು ಪುಟದ ಕಾಗದ ಬರೆದರು. ಬಳ್ಳಾರಿ ಸೀಮೆಯಲ್ಲಿ ಇಂಥ ಮಂದಿ ಇದ್ದುದಕ್ಕೆ ಆಧಾರವೇನು ಎಂದು ಕೇಳಿ, ಜೊತೆಗೆ ನನ್ನ ಮೂರು ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದರು. ಕಾಗುಣಿತ ಒಪ್ಪಿಕೊಂಡೆ. ಮಂದಿಯ ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬಂತು. ಆ ಮಂದಿ ನಮ್ಮೂರಿಗೆ ಹಡಗಿನಲ್ಲಿ ಬಂದವರು, ನಿಜ. ಆದರೆ ಅವರನ್ನು ಒಪ್ಪಿ ಒಳಗೆ ಕರೆದುಕೊಂಡವರು ನಮ್ಮ ಅಜ್ಜಿ. ಅವರಿಗಿಂತ ದೊಡ್ಡ ಆಧಾರ ನನಗೆ ಗೊತ್ತಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನನಗೆ ಒಂಬತ್ತು ವರ್ಷ. ನಮ್ಮ ಮನೆ ಬ್ರೂಸ್‌ಪೇಟೆಯಲ್ಲಿ. ಅಪ್ಪ ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತ. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ತಲೆ ಬೋಳಿಸಿದ, ಕೆಂಪು ಸೀರೆಯ ಮಡಿ ಹೆಂಗಸು. ನೆರಳು ತಾಗಿದರೂ ಸ್ನಾನ ಮಾಡುವವರು. ಇಂಥ ಮನೆಯಿಂದ ನನ್ನನ್ನು ಅಪ್ಪ ಕಂಟೋನ್ಮೆಂಟಿನ ಇಂಗ್ಲಿಷ್ ಹುಡುಗಿಯರ ಶಾಲೆಗೆ ಸೇರಿಸಿದ್ದೇ ಒಂದು ಸಾಹಸ. ಹದಿನೈದು ದಿನ ಅಜ್ಜಿ ಅಪ್ಪನ ಜೊತೆ ಮಾತು ಬಿಟ್ಟಿದ್ದರು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ಶಾಲೆಯ ಬಟ್ಟೆ, ಶಾಲೆಯ ಚೀಲ ಹೊರಗಿನ ಪಡಸಾಲೆಯ ಗೂಟದ ಮೇಲೆಯೇ ಇರಬೇಕು. ಬಂದ ಕೂಡಲೇ ನಾನು ಸ್ನಾನ ಮಾಡಿ ಒಳಗೆ ಬರಬೇಕು.

"ಆ ಸಾಲಿಯಿಂದ ಒಂದು ಕೂದಲಷ್ಟು ಮೈಲಿಗಿ ಈ ಮನಿ ಒಳಗ ಬಂತೋ, ಅವತ್ತಿಗೇ ಸಾಲಿ ಬಂದ್" ಎಂದು ಅಜ್ಜಿ ಅಪ್ಪನಿಗೆ ನನ್ನ ಎದುರೇ ಹೇಳಿದರು.

ಶಾಲೆಗಾಗಿ ನಾನು ದಿನಕ್ಕೆ ನಾಲ್ಕು ಸ್ನಾನಕ್ಕೂ ತಯಾರಿದ್ದೆ. ಲೆಕ್ಕದ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿ ಶುಕ್ರವಾರ ಮಧ್ಯಾಹ್ನ ಕತೆ ಇರುತ್ತಿತ್ತು.

ಕತೆ ಹೇಳುತ್ತಿದ್ದವಳು ಹೊಲಿಗೆ ಕಲಿಸಲು ಇದ್ದ ಮುದುಕಿ ದೊರಸಾನಿ. ಬಿಳಿಯರ ಹೆಂಗಸರನ್ನೆಲ್ಲ ನಾವು ದೊರಸಾನಿ ಎಂದೇ ಕರೆಯುತ್ತಿದ್ದೆವು. ದಂಡಿನ ಬ್ಯಾಂಡಿನಲ್ಲಿ ಕೊಳಲು ಊದುತ್ತಿದ್ದ ಗಂಡ ಸತ್ತ ಮೇಲೆ ಆಕೆ ಊರಿಗೆ ಹೋಗದೆ ಕಂಟೋನ್ಮೆಂಟಿನಲ್ಲೇ ಉಳಿದಿದ್ದಳು. ಆಕೆಯ ಊರು ಐರ್ಲೆಂಡು. ಮೊದಲ ದಿನ ಒಬ್ಬ ಹುಡುಗಿ ಬಾಯಿ ತಪ್ಪಿ ಆಕೆಯನ್ನು ಇಂಗ್ಲಿಷಿನವಳು ಎಂದದ್ದಕ್ಕೆ, ನಾವೆಲ್ಲ ಸೂಜಿ ಕೆಳಗಿಟ್ಟು ಅರ್ಧ ಗಂಟೆ ಬೈಗುಳ ಕೇಳಬೇಕಾಯಿತು. ಇಂಗ್ಲಿಷರನ್ನು ಆಕೆ ನಮ್ಮ ಅಪ್ಪನಿಗಿಂತ ಹೆಚ್ಚು ಬೈಯುತ್ತಿದ್ದಳು. ಅಪ್ಪನಾದರೂ ಕಿಟಕಿ ಮುಚ್ಚಿ ಬೈಯುತ್ತಿದ್ದರು.

ಆಕೆಗೆ ಹೊಲಿಗೆ ಅಷ್ಟಕ್ಕಷ್ಟೇ. ಕಣ್ಣು ಮಂಜು, ದಾರ ಪೋಣಿಸಲು ಬರುತ್ತಿರಲಿಲ್ಲ. ಹಾಗಾಗಿ ಶುಕ್ರವಾರ ಸೂಜಿ ಬದಿಗಿಟ್ಟು ಕತೆ ಶುರು ಮಾಡುತ್ತಿದ್ದಳು. ಅವಳೂರಿನ ಹಸಿರು ದಿಬ್ಬಗಳ ಒಳಗೆ ಒಂದು ರಾಜ್ಯವೇ ಇದೆ. ಅಲ್ಲಿ ಒಂದು ಸಂಜೆ ಕುಣಿದು ಹೊರಗೆ ಬಂದರೆ ಇಲ್ಲಿ ನೂರು ವರ್ಷ ಕಳೆದಿರುತ್ತದೆ. ಅವರ ನಿಜವಾದ ಹೆಸರು ಹಿಡಿದು ಕರೆಯಬಾರದು, ಅವರಿಗೆ ಕೋಪ ಬರುತ್ತದೆ, ಒಳ್ಳೆಯ ಮಂದಿ ಎನ್ನಬೇಕು. ಇದು ನನಗೆ ವಿಶೇಷವೆನಿಸಲಿಲ್ಲ. ನಮ್ಮ ಮನೆಯಲ್ಲೂ ದೀಪ ಹಚ್ಚಿದ ಮೇಲೆ ಹಾವನ್ನು ಹಾವು ಎನ್ನುವಂತಿರಲಿಲ್ಲ, ಹಗ್ಗ ಎನ್ನಬೇಕು. ಅಮ್ಮ ಅಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಹಸಿರು ದಿಬ್ಬ ನಮ್ಮ ಕಡೆ ಎಲ್ಲಿಂದ ಬರಬೇಕು? ಬಳ್ಳಾರಿಯ ಗುಡ್ಡ ಒಂದೇ ಬಂಡೆ, ಮೇಲೆ ಕೋಟೆ ಬೇರೆ ಇದೆ, ಒಳಗೆ ಯಾರಿಗೂ ಜಾಗ ಇದ್ದಂತೆ ಕಾಣಲಿಲ್ಲ. ಅಜ್ಜಿ ಸಂಸಾರ ಮಾಡಿದ ಊರು ಕುರುಗೋಡು. ಅಲ್ಲಿಯ ಗುಡ್ಡದಲ್ಲಿ ಬಂಡೆಯ ಮೇಲೆ ಬಂಡೆ, ನಡುವೆ ಕತ್ತಲ ಸಂದುಗಳು. ಒಳ್ಳೆಯ ಮಂದಿ ಅಲ್ಲೇ ಇರಬೇಕೆಂದು ನಾನು ತೀರ್ಮಾನಿಸಿದೆ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ, ಪಿಟೀಲು ಕೇಳುತ್ತದೋ ನೋಡೋಣವೆಂದು ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಗೆ ಕಿವಿ ಒತ್ತಿದೆ. ಬಳ್ಳಾರಿ ಸೀಮೆಯ ಮೇ ತಿಂಗಳ ಬಂಡೆಗೆ ಕಿವಿ ಒತ್ತುವ ಬುದ್ಧಿ ಬೇರೆ ಯಾರಿಗೂ ಬಂದಿರಲಿಕ್ಕಿಲ್ಲ. ಎಂಟು ದಿನ ಕಿವಿಗೆ ಬೆಣ್ಣೆ ಹಚ್ಚಿಕೊಂಡು ತಿರುಗಿದೆ.

ಅದೇ ಬೇಸಿಗೆಯಲ್ಲಿ ಸಿರುಗುಪ್ಪದಲ್ಲಿ ನನ್ನ ತಮ್ಮ ಹುಟ್ಟಿದ. ಅದು ಅಮ್ಮನ ತವರು. ತೊಟ್ಟಿಲಿಗೆ ಹಾಕುವ ದಿನ ಅಪ್ಪ, ಅಜ್ಜಿ, ನಾನು ಇದ್ದಿಲಿನ ಬಸ್ಸಿನಲ್ಲಿ ಹೋದೆವು. ಅಜ್ಜಿಯ ತೊಡೆಯ ಮೇಲೆ ಒಂದು ಭಾರದ ಗಂಟು. ಅದರಲ್ಲಿ ಅಜ್ಜನ ಕಾಲದ ಅಡಕತ್ತರಿ, ಎರಡು ಕುದುರೆ ಲಾಳ, ಒಂದು ಮುರಿದ ಕುಡುಗೋಲು. ಕೂಸಿನ ತೊಟ್ಟಿಲಲ್ಲಿ ಕಬ್ಬಿಣ ಇರಬೇಕೆಂಬುದು ಎಲ್ಲರ ಮನೆಯ ಪದ್ಧತಿಯೇ. ಒಂದು ಮೊಳೆ ಇಟ್ಟರೂ ನಡೆಯುತ್ತದೆ. ಅಜ್ಜಿ ಮಾತ್ರ ಒಂದು ಕಮ್ಮಾರಸಾಲೆಯನ್ನೇ ತಂದಿದ್ದರು. ತೊಟ್ಟಿಲು ತೂಗಿದರೆ ಎತ್ತಿನ ಗಾಡಿ ಹೋದಂತೆ ಸಪ್ಪಳ ಆಗುತ್ತಿತ್ತು. ಅಮ್ಮನ ತವರಿನವರು ಮುಸಿಮುಸಿ ನಕ್ಕರು, ಎದುರು ಮಾತ್ರ ಆಡಲಿಲ್ಲ.

ತಮ್ಮ ದುಂಡಗೆ, ಬೆಳ್ಳಗೆ ಇದ್ದ. ನನ್ನ ಬೆರಳು ಹಿಡಿದು ಬಿಡಲೇ ಇಲ್ಲ. ಅಷ್ಟು ಸಣ್ಣ ಕೈಗೆ ಅಷ್ಟು ಬಲವಾದರೂ ಹೇಗೆ ಬಂತೋ. ನನಗೆ ಅವನ ಮೇಲೆ ಆ ಗಳಿಗೆಯೇ ಜೀವ ಕೂತಿತು. ಬಳ್ಳಾರಿಗೆ ಬಂದ ಮೇಲೆ ದಿನಾ ಲೆಕ್ಕ ಹಾಕುತ್ತಿದ್ದೆ, ಅಮ್ಮ ಅವನನ್ನು ಕರೆದುಕೊಂಡು ಬರುವುದು ಯಾವಾಗ ಎಂದು.

ಐದನೆಯ ತಿಂಗಳಲ್ಲಿ ಬಂದರು. ಜಟಕಾದಿಂದ ಅಮ್ಮ ಇಳಿದಾಗ ನಾನು ಓಡಿಹೋಗಿ ಇಣುಕಿದೆ. ಬಟ್ಟೆಯ ಒಳಗೆ ಸಣಕಲು, ಕಪ್ಪಗಿನ, ಹಣೆಯ ತುಂಬ ಸುಕ್ಕಿನ ಒಂದು ಮುದುಕನ ಮುಖ ಇತ್ತು. ನನ್ನನ್ನು ನೋಡಿ ಅದು ಕಿಟಾರನೆ ಕಿರುಚಿತು. ಬೆರಳು ಕೊಟ್ಟರೆ ಹಿಡಿಯಲಿಲ್ಲ. ಸಿರುಗುಪ್ಪದಲ್ಲಿ ಒಂದು ತಿಂಗಳು ವಾಂತಿ ಭೇದಿಯಿಂದ ಅವನು ಸೊರಗಿದ್ದ ಎಂಬುದು ದೊಡ್ಡವರಿಗೆ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. ಅಜ್ಜಿ ಕೂಸನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಸಣ್ಣದಾಯಿತು.

"ಕೂಸು ಬದಲಾಗ್ಯದ" ಎಂದರು. "ನಾವು ತೊಟ್ಟಲಿಗಿ ಹಾಕಿದ ಕೂಸಲ್ಲ ಬಿಡು ಇದು."

ಎಲ್ಲ ಮನೆಗಳಲ್ಲೂ ಆಡುವ ಮಾತು. ಸೊರಗಿದೆ ಎಂಬುದಕ್ಕೆ ಹಾಗೆ ಹೇಳುತ್ತಾರೆ. ನಾನೂ ಅದನ್ನು ಹಾಗೆಯೇ ತೆಗೆದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆ ಶುಕ್ರವಾರವೇ ದೊರಸಾನಿಗೆ ಬದಲಿ ಕೂಸಿನ ಕತೆ ನೆನಪಾಗಬೇಕೇ?

ಒಳ್ಳೆಯ ಮಂದಿಗೆ ದುಂಡಗಿನ, ಚೆಲುವಾದ ಕೂಸುಗಳೆಂದರೆ ಆಸೆಯಂತೆ. ತಾಯಿ ಮೈಮರೆತಾಗ ತೊಟ್ಟಿಲಿನಿಂದ ಒಯ್ದು, ಅದರ ಜಾಗದಲ್ಲಿ ತಮ್ಮವನೇ ಒಬ್ಬ ಹಳೆಯ ಮುದುಕನನ್ನು ಮಲಗಿಸಿ ಹೋಗುತ್ತಾರಂತೆ. ಅವನು ಸಣಕಲು, ಸುಕ್ಕು ಮುಖದವನು, ಸದಾ ಅಳುತ್ತಾನೆ. ಅವನನ್ನು ಹಿಡಿಯಲು ಒಂದೇ ಉಪಾಯ. ಅವನ ಕಣ್ಣೆದುರು ಮೊಟ್ಟೆಯ ಸಿಪ್ಪೆಯಲ್ಲಿ ನೀರಿಟ್ಟು ಒಲೆಯ ಮೇಲೆ ಕುದಿಸಬೇಕು. ಅವನಿಗೆ ನಗು ತಡೆಯುವುದಿಲ್ಲ. ನಕ್ಕು, ಬಾಯಿ ಬಿಟ್ಟು, ನಾನು ಇಷ್ಟು ವರ್ಷದಿಂದ ಬದುಕಿದ್ದೇನೆ, ಇಂಥ ಅಡುಗೆ ಎಲ್ಲೂ ಕಂಡಿಲ್ಲ ಎನ್ನುತ್ತಾನೆ. ಗುಟ್ಟು ರಟ್ಟಾದ ಮೇಲೆ ಅವನನ್ನು ಅವರು ವಾಪಸು ಕರೆಸಿಕೊಂಡು ನಿಜವಾದ ಕೂಸನ್ನು ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ.

ಉಳಿದ ಹುಡುಗಿಯರು ನಕ್ಕರು. ನನಗೆ ನನ್ನ ತಮ್ಮ ಬೇಕಿತ್ತು, ಬೆರಳು ಹಿಡಿದವನು.

ಈಗ ತೊಂದರೆ ನೋಡಿ. ಮಾಧ್ವರ ಮನೆಯಲ್ಲಿ, ಅದರಲ್ಲೂ ನಮ್ಮ ಅಜ್ಜಿಯ ಮನೆಯಲ್ಲಿ, ಮೊಟ್ಟೆಯ ಸಿಪ್ಪೆ. ಆ ವಸ್ತುವಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂಬುದೇ ನನಗೆ ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ಅದರ ಮಾತೇ ಬರುತ್ತಿರಲಿಲ್ಲ. ಕೋಳಿ ಎಂದರೆ ಬೆಳಗಾಯಿತೆಂದು ಕೂಗಲು ಇರುವ ಪ್ರಾಣಿ ಅಷ್ಟೆ. ಇಂಗ್ಲಿಷ್ ಪುಸ್ತಕದ ಚಿತ್ರ ನೋಡಿ ಎಗ್ ಎಂಬ ಒಂದು ಶಬ್ದ ಮಾತ್ರ ಗೊತ್ತಿತ್ತು.

ನಮ್ಮನ್ನು ಶಾಲೆಗೆ ಒಯ್ಯುತ್ತಿದ್ದ ಜಟಕಾದ ಸಾಹೇಬರು ಕೌಲ್ ಬಜಾರಿನವರು, ಬಿಳಿ ಗಡ್ಡದ ಒಳ್ಳೆಯ ಮನುಷ್ಯ. ಮರಳುವಾಗ ಉಳಿದವರೆಲ್ಲ ಇಳಿದ ಮೇಲೆ ಮುಂದೆ ಜರುಗಿ ಕೂತೆ.

"ಚಾಚಾ, ನನಗ ಎಗ್ ಬೇಕು."

"ಏನು ಬೇಕು ಬೇಟಾ?"

"ಬೆಳ್ಳಗ ಇರ್ತದಲ್ಲ. ಗುಂಡಗ. ಕೋಳಿ ಮಾಡೂದು."

ಸಾಹೇಬರು ಲಗಾಮು ಎಳೆದು ಕುದುರೆ ನಿಲ್ಲಿಸಿಯೇಬಿಟ್ಟರು. "ತತ್ತಿ! ತೋಬಾ ತೋಬಾ. ನಿಮ್ಮ ಅಜ್ಜಿಗೆ ಗೊತ್ತಾದ್ರ ನನ್ನ ಕುದುರಿ ಸಮೇತ ಸುಟ್ಟುಬಿಡ್ತಾರ."

"ಒಳಗಿಂದು ಬ್ಯಾಡ ಚಾಚಾ. ಸಿಪ್ಪಿ ಇದ್ದರ ಸಾಕು. ಸಾಲಿಯೊಳಗ ಚಿತ್ರ ಬರಿಲಿಕ್ಕೆ."

ಅವರು ಗಡ್ಡ ಕೆರೆದುಕೊಂಡರು. "ಒಳಗಿಂದು ನಾವು ತಿಂತೀವಿ, ಸಿಪ್ಪಿ ನೀವು ಒಯ್ತೀರಿ. ಹಂಗಾದ್ರ ಇದರಾಗ ತಪ್ಪೇನೈತಿ?" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಒಪ್ಪಿದರು.

ಮರುದಿನ ಬೆಳಿಗ್ಗೆ ಎರಡು ಅರ್ಧ ಸಿಪ್ಪೆಗಳು ಕಾಗದದ ಪೊಟ್ಟಣದಲ್ಲಿ ಬಂದವು. ಬ್ರಾಹ್ಮಣರ ಮನೆಗೆ ಹೋಗುವ ವಸ್ತು ವಾಸನೆ ಬರಬಾರದೆಂದು ಸಾಹೇಬರ ಹೆಂಡತಿ ಮೂರು ಸಲ ತೊಳೆದು, ಮೇಲೆ ಅತ್ತರು ಹಚ್ಚಿ ಕಳಿಸಿದ್ದಳು. ಅದನ್ನು ಶಾಲೆಯ ಚೀಲದಲ್ಲೇ ಇಟ್ಟೆ. ಅಜ್ಜಿ ಮುಟ್ಟದ ಜಾಗ ಇಡೀ ಮನೆಯಲ್ಲಿ ಅದೊಂದೇ.

ಅಂದು ನಾಲ್ಕು ಗಂಟೆಗೆ ಅಜ್ಜಿ ಪುರಾಣ ಕೇಳಲು ಮಠಕ್ಕೆ ಹೋದರು. ಅಪ್ಪ ಕಚೇರಿಯಲ್ಲಿ. ಅಮ್ಮ ಮಲಗಿದ್ದಳು. ನಾನು ತೊಟ್ಟಿಲಿನಿಂದ ಆ ಮುದುಕನನ್ನು ಎತ್ತಿಕೊಂಡು ಬಚ್ಚಲಿಗೆ ಹೋದೆ. ಅಡುಗೆ ಮನೆಯ ಒಲೆ ಮುಟ್ಟುವಷ್ಟು ಧೈರ್ಯ ನನಗಿರಲಿಲ್ಲ. ನೀರೊಲೆಯ ಬೂದಿಯಲ್ಲಿ ಇನ್ನೂ ಕೆಂಡ ಇತ್ತು. ಹತ್ತಿ ಕಡ್ಡಿ ತುಂಡು ಮಾಡಿ ಹಾಕಿ ಊದಿದೆ. ಅವನನ್ನು ಮಡಿಸಿದ ದುಪ್ಪಟಿಯ ಮೇಲೆ ಒಲೆ ಕಾಣುವಂತೆ ಮಲಗಿಸಿ, ಎರಡು ಸಿಪ್ಪೆಯಲ್ಲೂ ನೀರು ಹಾಕಿ, ಗಂಜಿಯಾಗಲೆಂದು ಒಂದೊಂದು ಚಿಟಿಕೆ ಅಕ್ಕಿಯ ನುಚ್ಚು ಹಾಕಿ, ಕೆಂಡದ ಮೇಲೆ ಇಟ್ಟೆ.

ಅವನು ಯಾವ ಭಾಷೆಯಲ್ಲಿ ಮಾತಾಡುತ್ತಾನೆಂಬುದು ಇನ್ನೊಂದು ಯೋಚನೆ. ದೊರಸಾನಿಯ ಕಡೆಯವನಾದರೆ ಇಂಗ್ಲಿಷು, ಕುರುಗೋಡಿನವನಾದರೆ ಕನ್ನಡ, ಸಿರುಗುಪ್ಪದಿಂದ ಬಂದವನಾದ್ದರಿಂದ ತೆಲುಗೂ ಇರಬಹುದು. ನನ್ನ ತಮ್ಮನನ್ನು ಕೊಡು ಎಂಬ ಮಾತನ್ನು ಮೂರು ಭಾಷೆಯಲ್ಲೂ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ.

ಅವನು ಅಳು ನಿಲ್ಲಿಸಿದ. ಒಲೆಯನ್ನೇ ದಿಟ್ಟಿಸಿ ನೋಡಿದ. ಅತ್ತರು ಬಿಸಿಯಾಗಿ ಬಚ್ಚಲೆಲ್ಲ ಮದುವೆ ಮನೆಯ ವಾಸನೆ, ಅದರ ಹಿಂದೆಯೇ ಇನ್ನೊಂದು ವಾಸನೆ. ಆಗ ಒಂದು ಸಿಪ್ಪೆ ಟಪ್ಪೆಂದು ಒಡೆದು ನೀರು ಕೆಂಡದ ಮೇಲೆ ಚುಸ್ ಎಂದಿತು.

ಅವನು ನಕ್ಕ. ಸಣ್ಣ ನಗು ಅಲ್ಲ, ಹೊಟ್ಟೆ ಕುಣಿಸಿ, ಗಹಗಹಿಸಿ ನಕ್ಕ. ಬಳ್ಳಾರಿಗೆ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ನಾನು "ನೀನಽ ಅವನು! ನನ್ನ ತಮ್ಮನ್ನ ಕೊಡು!" ಎಂದು ಕಿರುಚಿ, ತೆಲುಗಿನಲ್ಲೂ ಕಿರುಚಿ, ಇಂಗ್ಲಿಷಿಗೆ ಬರುವಷ್ಟರಲ್ಲಿ ಹಿಂದೆ ಅಜ್ಜಿ ನಿಂತಿದ್ದರು. ಪುರಾಣ ಹೇಳುವ ಆಚಾರ್ಯರಿಗೆ ನೆಗಡಿಯಾಗಿ ಅಂದು ಬೇಗ ಮುಗಿದಿತ್ತಂತೆ.

ಅಜ್ಜಿಗೆ ಮೊದಲು ಕಂಡದ್ದು ಕೂಸಿನ ನಗು. "ನಕ್ಕಿತು! ನನ್ನಪ್ಪ ನಕ್ಕಿತಲ್ಲೇ!" ಎಂದು ಅವರೂ ನಕ್ಕು ಬಗ್ಗಿದರು. ಬಗ್ಗಿದಾಗ ಮೂಗಿಗೆ ವಾಸನೆ ಬಡಿಯಿತು. ಒಲೆಯ ಕಡೆ ತಿರುಗಿದರು.

"ಏನದು?"

"ಎಗ್" ಎಂದೆ.

"ಎಗ್ಗಿಲ್ಲದಾಕಿ! ಏನದು ಅಂತ ಕೇಳಿದರ..." ಎಂದು ಶುರು ಮಾಡಿದವರು ಇನ್ನೂ ಒಡೆಯದ ಸಿಪ್ಪೆಯನ್ನು ನೋಡಿ ಅಲ್ಲಿಗೇ ನಿಂತರು. ಅಜ್ಜಿಯ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೊಂದು ಸಲ.

ಆ ಸಂಜೆ ನಮ್ಮ ಮನೆಯಲ್ಲಿ ನಡೆದ ಶುದ್ಧಿಯನ್ನು ಓಣಿಯವರು ಬಹಳ ದಿನ ಮಾತಾಡಿಕೊಂಡರು. ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಏಳು ಸಲ ತಿಕ್ಕಿದರು. ಬಚ್ಚಲಿನಿಂದ ಬೀದಿ ಬಾಗಿಲಿನವರೆಗೆ ಸೆಗಣಿ ಸಾರಿಸಿದರು. ಎಲ್ಲರಿಗೂ ಪಂಚಗವ್ಯ. ಕೂಸಿನ ನಾಲಿಗೆಗೂ ಒಂದು ಹನಿ ಮುಟ್ಟಿಸಿದಾಗ ಅದು ಮತ್ತೆ ಮುದುಕನ ಮುಖ ಮಾಡಿತು. ಅಪ್ಪ ಕಚೇರಿಯಿಂದ ಬಂದಾಗ ಬಾಗಿಲಲ್ಲೇ ತಡೆದು, ಕೋಟು ಪೇಟದ ಮೇಲೆಯೇ ಒಂದು ತಂಬಿಗೆ ನೀರು ಸುರಿದರು.

ಅಪ್ಪ ಹೆದರಿ, "ಅಯ್ಯಯ್ಯೋ, ಯಾರು ಹೋದರು?" ಎಂದರು.

"ಸಾಲಿ ಹೋತು" ಎಂದರು ಅಜ್ಜಿ.

ಕರಾರು ಕರಾರೇ. ಸೋಮವಾರ ಜಟಕಾ ಬಂದು ಬಾಗಿಲಲ್ಲಿ ಗಂಟೆ ಬಾರಿಸಿತು, ಅಮ್ಮ ಹೊರಗೆ ಹೋಗಿ ಏನೋ ಹೇಳಿದಳು, ಜಟಕಾ ಹೊರಟುಹೋಯಿತು. ಗೂಟದ ಮೇಲಿನ ಬಟ್ಟೆಯನ್ನು ತೆಗೆದು ಎಲ್ಲೋ ಇಟ್ಟಿದ್ದರು. ನಾನು ಎರಡು ದಿನ ಕಂಬ ಹಿಡಿದು ಅತ್ತೆ. ತಮ್ಮನೂ ಸಿಕ್ಕಲಿಲ್ಲ, ಶಾಲೆಯೂ ಹೋಯಿತು. ಆ ಮುದುಕ ಬೇರೆ ನಕ್ಕ ದಿನದಿಂದ ನನ್ನನ್ನು ಕಂಡರೆ ಸಾಕು ಕೈಕಾಲು ಬಡಿದು ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಅಜ್ಜಿ ಹತ್ತಿ ಬಿಡಿಸಿ ಹೂಬತ್ತಿ ಮಾಡುತ್ತ ಕೂತಿದ್ದರು. ನನ್ನನ್ನು ಕರೆದು ಎರಡು ಮಾರು ದೂರದಲ್ಲಿ ಕೂರಿಸಿಕೊಂಡರು.

"ಈಗ ಹೇಳು. ಅದನ್ನ ಯಾಕ ಮಾಡಿದಿ?"

ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಸಿಪ್ಪೆ ಕೊಟ್ಟವರ ಹೆಸರೊಂದು ಬಿಟ್ಟು ಎಲ್ಲ ಹೇಳಿದೆ. ದಿಬ್ಬ, ಒಳ್ಳೆಯ ಮಂದಿ, ಬದಲಿ ಕೂಸು, ನಗು. ಹೇಳುತ್ತ ಹೇಳುತ್ತ ಬೈಗುಳಕ್ಕೆ ಕಾದೆ. ಅದು ಬರಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಬತ್ತಿ ಅರ್ಧಕ್ಕೆ ನಿಂತಿತ್ತು.

"ಬದಲಿ ಮಾಡ್ತಾರ ಅಂದಳೇನು?"

"ಹೂಂ ಅಜ್ಜಿ."

"ಕಬ್ಬಿಣ ಇಟ್ಟರ?"

"ಕಬ್ಬಿಣ ಇಟ್ಟರ ಹತ್ತಿರ ಬರೂದಿಲ್ಲಂತ. ಸಿರುಗುಪ್ಪದವರು ತೆಗೆದಿಟ್ಟಿರಬೇಕು ಅಜ್ಜಿ."

"ಏಳು ಸಮುದ್ರದ ಆಚಿನಾಕಿಗೆ ಇದು ಹ್ಯಾಂಗ ಗೊತ್ತಾತು?" ಎಂದು ಅಜ್ಜಿ ಬತ್ತಿಗೆ ಹೇಳಿದಂತೆ ಹೇಳಿದರು. ಆಮೇಲೆ ದನಿ ಏರಿಸಿ, ಅಮ್ಮನಿಗೂ ಕೇಳುವಂತೆ, "ನಾಳೆ ಜಟಕಾ ಕರಸು. ನಾನಽ ಹೋಗಿ ಆ ದೊರಸಾನಿಯನ್ನ ಝಾಡಿಸಿ ಬರ್ತೀನಿ" ಎಂದರು.

ಅಪ್ಪನಿಗೆ ಜ್ವರ ಬಂದಂತಾಯಿತು. ಬಿಳಿಯ ಹೆಂಗಸನ್ನು ಗುಮಾಸ್ತನ ತಾಯಿ ಬೈದರೆ ಕಲೆಕ್ಟರ ಕಿವಿಗೆ ಮುಟ್ಟುತ್ತದೆ. ರಾತ್ರಿ ಊಟದ ಎಲೆಯ ಮುಂದೆ ನನ್ನನ್ನು ಸನ್ನೆಯಲ್ಲೇ ಬೇಡಿಕೊಂಡರು, ಮಾತು ನೋಡಿಕೊಂಡು ತರ್ಜುಮೆ ಮಾಡು ಎಂದು.

ಜಟಕಾದಲ್ಲಿ ಅಜ್ಜಿ ಮಡಿಚಾಪೆ ಹಾಸಿಕೊಂಡು ಕೂತರು. ಸಾಹೇಬರು ದಾರಿಯುದ್ದಕ್ಕೂ ತಿರುಗಿ ನೋಡಲಿಲ್ಲ. ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು. "ಏನು ಸಾಹೇಬರ, ಮೈಯಾಗ ಹುಷಾರಿಲ್ಲೇನು?" ಎಂದು ಅಜ್ಜಿ ಕೇಳಿದಾಗ, "ಬಿಸಲು ಭಾಳ ಐತ್ರಿ ಅಮ್ಮಾರ" ಎಂದು ಕುದುರೆಗೆ ಚಾವಟಿ ಬೀಸಿದರು. ಆ ಕುದುರೆ ಚಾವಟಿಯ ಸದ್ದು ಕೇಳಿದ್ದು ಅದೇ ಮೊದಲಿರಬೇಕು, ಕಂಟೋನ್ಮೆಂಟಿನವರೆಗೂ ಓಡಿತು.

ಶಾಲೆಯ ಒಳಗೆ ಕಾಲಿಡಲು ಅಜ್ಜಿ ಒಪ್ಪಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಚಾಪೆ ಹಾಸಿ ಕೂತರು. ದೊರಸಾನಿ ಕೊಡೆ ಹಿಡಿದು ಹೊರಗೆ ಬಂದಳು. ಆಕೆಗೆ ಬರುತ್ತಿದ್ದುದು ಹತ್ತು ಹನ್ನೆರಡು ತೆಲುಗು ಮಾತು, ಎಲ್ಲ ಅಡುಗೆಯವನಿಗೆ ಹೇಳಿ ರೂಢಿಯಾದವು. "ರಾ, ಕೂರ್ಚೋ", ಬಾ ಕೂತುಕೋ, ಎಂದು ಸ್ವಾಗತಿಸಿದಳು. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯನ್ನು ಏಕವಚನದಲ್ಲಿ ಮಾತಾಡಿಸಿದವರಿರಲಿಲ್ಲ. ಅವರು ಹುಬ್ಬು ಮೇಲೇರಿಸಿ ನನ್ನ ಕಡೆ ತಿರುಗಿದರು.

"ಕೇಳು ಆಕೀನ್ನ. ಮಂದಿ ಮಕ್ಕಳಿಗೆ ಇಂಥಾದ್ದು ಹೇಳಿಕೊಡ್ಲಿಕ್ಕೆ ನಾಚಿಕಿ ಬರೂದಿಲ್ಲೇನು ಅಂತ."

ನಾನು ಇಂಗ್ಲಿಷಿನಲ್ಲಿ, ನಮ್ಮ ಅಜ್ಜಿಗೆ ನಿಮ್ಮನ್ನು ನೋಡಿ ಬಹಳ ಸಂತೋಷವಾಗಿದೆ ಎಂದೆ.

ದೊರಸಾನಿ ಅಜ್ಜಿಯ ಮುಖ ನೋಡಿ, ಸಂತೋಷವಾದಾಗ ನಿನ್ನ ಅಜ್ಜಿ ಹೀಗೆ ಕಾಣುತ್ತಾರೆಯೇ ಎಂದು ಕೇಳಿದಳು.

"ತಪ್ಪಾತು ಅಂತಾರ ಅಜ್ಜಿ" ಎಂದೆ.

"ಇಷ್ಟು ಲಗೂನ ಒಪ್ಕೊಂಡಳೇನು?" ಅಜ್ಜಿಗೆ ನಿರಾಸೆಯಾಯಿತು. ದಾರಿಯುದ್ದಕ್ಕೂ ಕೂಡಿಸಿಟ್ಟ ಮಾತೆಲ್ಲ ಹಾಗೇ ಉಳಿದವು. ಅವರು ಸ್ವಲ್ಪ ಹೊತ್ತು ಬೇವಿನ ಎಲೆ ನೋಡಿ, ಸೆರಗಿನ ಗಂಟು ಬಿಚ್ಚಿ, ಆ ಹಳೆಯ ಅಡಕತ್ತರಿ ತೆಗೆದು ಕಲ್ಲಿನ ಮೇಲಿಟ್ಟರು. "ಇದು ಗೊತ್ತೇನು ಕೇಳು."

ನಾನು ಬಾಯಿ ತೆರೆಯುವ ಅಗತ್ಯ ಬೀಳಲಿಲ್ಲ. ದೊರಸಾನಿ ಕೊಡೆ ಮಡಿಸಿ ನೆಲಕ್ಕೇ ಕೂತಳು. ಕಬ್ಬಿಣ, ತೊಟ್ಟಿಲಿಗೆ, ಎಂದಳು. ತನ್ನ ತಾಯಿ ಒಲೆಯ ಇಕ್ಕಳವನ್ನು ತೊಟ್ಟಿಲಿಗೆ ಅಡ್ಡ ಇಡುತ್ತಿದ್ದಳಂತೆ.

"ಇಕ್ಕಳ! ಹೌದು, ಇಕ್ಕಳಾನೂ ನಡೀತದ!" ಎಂದು ಅಜ್ಜಿ ತೊಡೆ ತಟ್ಟಿದರು.

ಆಮೇಲೆ ತರ್ಜುಮೆ ಮಾಡುತ್ತ ನನಗೆ ಉಸಿರು ಬಿಡಲೂ ಪುರಸೊತ್ತಾಗಲಿಲ್ಲ. ಅಜ್ಜಿ ಹೇಳಿದ್ದಕ್ಕೆಲ್ಲ ದೊರಸಾನಿ ಹೌದು ಹೌದು ಎಂದು ಇನ್ನೊಂದು ಸೇರಿಸುವಳು. ಕೂಸನ್ನು ಚಂದ ಇದೆ ಎಂದು ಬಾಯಿ ಬಿಟ್ಟು ಹೇಳಬಾರದು. ಹೇಳಿದರೆ ಏನು ಮಾಡುತ್ತೀರಿ ಎಂದು ದೊರಸಾನಿ ಕೇಳಿದಳು. ಅಜ್ಜಿ ಬದಿಗೆ ತಿರುಗಿ ಥೂ ಥೂ ಎಂದು ತೋರಿಸಿದರು. ನಾವೂ ಅದನ್ನೇ ಮಾಡುತ್ತೇವೆ ಎಂದು ದೊರಸಾನಿ ಇನ್ನೊಂದು ಬದಿಗೆ ಥೂ ಥೂ ಎಂದಳು. ಅಜ್ಜಿ, ಹಾಗಲ್ಲ, ಮೂರು ಸಲ ಎಂದು ಮತ್ತೆ ತೋರಿಸಿದರು. ಗೇಟಿನ ಹತ್ತಿರ ನಿಂತಿದ್ದ ಸಾಹೇಬರಿಗೆ ಕಂಡದ್ದು ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಉಗುಳುತ್ತಿರುವುದು. ಅವರು ಚಾವಟಿ ಬಿಸಾಕಿ ಓಡಿ ಬಂದರು.

"ಅಮ್ಮಾರ, ಜಗಳ ಬ್ಯಾಡ್ರಿ! ತಪ್ಪು ನಂದ್ರಿ!"

"ನಿಮ್ಮದೇನು ತಪ್ಪು? ಹೋಗ್ರಿ, ಕುದುರಿಗೆ ನೀರು ಕುಡಸ್ರಿ" ಎಂದು ಅಜ್ಜಿ ಅವರನ್ನು ಅಟ್ಟಿದರು.

ನನಗೆ ಧೈರ್ಯ ಬಂತು. ಇನ್ನು ಶಾಲೆ ಉಳಿಯಬಹುದು ಎಂದುಕೊಂಡೆ. ಆಗ ಅಜ್ಜಿ ಅಡಕತ್ತರಿಯನ್ನು ಕೈಯಲ್ಲಿ ಹಿಡಿದು, ತೆರೆದು, ಮುಚ್ಚಿ, ನೆಲ ನೋಡುತ್ತ ಹೇಳಿದರು.

"ಇನ್ನೊಂದು ಕೇಳು. ಇದನ್ನ ಸರಿಯಾಗಿ ಕೇಳು. ಇಷ್ಟು ಹೊತ್ತು ಮಾಡಿದ್ಹಾಂಗ ನಿನ್ನ ಮಾತು ಸೇರಿಸಬ್ಯಾಡ."

ನನ್ನ ಮುಖ ಬಿಸಿಯಾಯಿತು.

"ನಿಮ್ಮಪ್ಪನಕಿಂತಾ ಮೊದಲು ನನಗ ಕುರುಗೋಡಿನಾಗ ಒಂದು ಗಂಡು ಕೂಸಿತ್ತು. ಮೂರು ತಿಂಗಳು ದುಂಡಗ ಇತ್ತು. ಆಮ್ಯಾಲ ಬದಲಾತು. ಮೊಲಿಗೆ ಬಾಯಿ ಹಚ್ಚಲಿಲ್ಲ, ಹಾಲು ಅಂದರ ಮುಖ ತಿರುಗಿಸೂದು. ಎಂಟು ದಿನ ಇತ್ತು ಅಷ್ಟ. ನನಗ ಆವಾಗ ಹದಿನಾರು. ತೊಟ್ಟಲಾಗ ಇದನ್ನ ಇಡೂದು ಮರೆತಿದ್ದೆ. ಯಾರಿಗೂ ಹೇಳಿಲ್ಲ. ನಿಮ್ಮಜ್ಜಗೂ ಹೇಳಿಲ್ಲ."

ಅಪ್ಪನಿಗೊಬ್ಬ ಅಣ್ಣ ಇದ್ದನೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.

"ಈಕಿ ಹೇಳಿದ್ದು ಖರೇ ಇದ್ದರ, ಸತ್ತದ್ದು ನನ್ನ ಕೂಸಲ್ಲ. ಹಂಗಾದರ ಕೇಳು, ಅವರು ಒಯ್ದ ಕೂಸಿಗೆ ಅಲ್ಲಿ ಹೊಟ್ಟಿ ತುಂಬ ಹಾಲು ಕೊಡ್ತಾರೇನು ಅಂತ."

ನಾನು ಕೇಳಿದೆ. ಒಂದು ಮಾತೂ ಸೇರಿಸಲಿಲ್ಲ, ಬಿಡಲಿಲ್ಲ. ದೊರಸಾನಿ ಮುಂದೆ ಬಗ್ಗಿ ಅಜ್ಜಿಯ ಕೈಯನ್ನು, ಅಡಕತ್ತರಿ ಸಮೇತ, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಕೂಡ ಮುಟ್ಟದ ಕೈ ಅದು. ಅಜ್ಜಿ ಎಳೆದುಕೊಳ್ಳಲಿಲ್ಲ. ದೊರಸಾನಿ ಅಜ್ಜಿಯ ಕಣ್ಣನ್ನೇ ನೋಡುತ್ತ ಮಾತಾಡಿದಳು, ಬಹಳ ಹೊತ್ತು ಮಾತಾಡಿದಳು. ಅದು ಇಂಗ್ಲಿಷ್ ಆಗಿರಲಿಲ್ಲ. ಅವಳ ತಾಯಿ ಆಡುತ್ತಿದ್ದ ಭಾಷೆ ಇರಬೇಕು. ಜೋಗುಳದಂತೆ ಏರಿಳಿಯುತ್ತಿತ್ತು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ.

"ಏನಂದಳು?" ಅಜ್ಜಿ ನನ್ನ ಕಡೆ ತಿರುಗಿದರು.

ನನಗೆ ತಿಳಿಯಲಿಲ್ಲ ಎನ್ನಬೇಕಿತ್ತು. ಅಜ್ಜಿಯ ಮುಖ ನೋಡಿದೆ.

"ಕೊಡ್ತಾರಂತ ಅಜ್ಜಿ. ಹೊಟ್ಟಿ ತುಂಬ ಕೊಡ್ತಾರಂತ. ಕರು ಬಿಡೂದಕ್ಕಿಂತ ಮೊದಲ ಕರೆದ ಹಾಲು. ಮ್ಯಾಲೆ ಸಕ್ಕರಿ ಹಾಕ್ತಾರಂತ."

ಅಜ್ಜಿ ತಲೆಯಾಡಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು, ದೊರಸಾನಿಗೆ ತೆಲುಗಿನಲ್ಲಿ, ಬಹುವಚನದಲ್ಲಿ, ಹೋಗಿ ಬರುತ್ತೇನೆ ಎಂದು ಹೇಳಿ ಎದ್ದರು.

ಹಿಂದಿರುಗುವಾಗ ಅಜ್ಜಿ ಅಡಕತ್ತರಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಜಟಕಾದಲ್ಲಿ ಕೂತರು. ನಾನು ಹೇಳಿದ್ದು ಸುಳ್ಳೆಂದು ಅಜ್ಜಿಗೆ ತಿಳಿದುಬಿಟ್ಟಿತೆಂದೇ ನನಗೆ ಹೆದರಿಕೆ. ಶಾಲೆಯ ಮಾತು ಎತ್ತಲು ನಾಲಿಗೆ ಬರಲಿಲ್ಲ. ಬ್ರೂಸ್‌ಪೇಟೆಯ ತಿರುವು ಬಂದಾಗ ಅಜ್ಜಿ ನನ್ನ ಹತ್ತಿರ ಜರುಗಿದರು.

"ನಾಳೆ ಸಾಲಿಗೆ ಹೋದಾಗ ಇನ್ನೊಂದು ಕೇಳಿಕೊಂಡು ಬಾ" ಎಂದರು. "ಅಲ್ಲಿ ಕೂಸುಗಳು ದೊಡ್ಡವಾಗ್ತಾವೇನು, ಇಲ್ಲಾ ಮೂರು ತಿಂಗಳಿನವು ಹಂಗ ಉಳೀತಾವೇನು?"